ಬಿದ್ದುಹೋಗುವ ಹಲ್ಲು

ಮಗಳ ಹಲ್ಲು ಹಾಳಾಗಿದೆ ಎಂಬುದು ನಮಗೆ ಗೊತ್ತಾದದ್ದು ಸಂಕ್ರಾಂತಿಯ ದಿನ. ಎಳ್ಳುಬೆಲ್ಲದಲ್ಲಿದ್ದ ಕಡಲೆಬೀಜದ ಚೂರೊಂದು ಕೆಳಗಿನ ಎಡಗಡೆಯ ದವಡೆ ಹಲ್ಲಿನಲ್ಲಿ ಸಿಕ್ಕಿಕೊಂಡು, ರಾತ್ರಿ ಊಟದ ಹೊತ್ತಿಗೆ ಕೆನ್ನೆ ಹಿಡಿದುಕೊಂಡು ಗೋಡೆಗೆ ಒರಗಿ ಕೂತಿದ್ದಳು. ಮೊಬೈಲಿನ ಟಾರ್ಚ್ ಹಾಕಿ ನೋಡಿದರೆ ಹಲ್ಲಿನ ನಡುವೆ ಕಂದು ಬಣ್ಣದ ಗುಳಿ. ಒಂದು ದಿನದಲ್ಲಿ ಆದದ್ದಲ್ಲ, ತಿಂಗಳುಗಟ್ಟಲೆ ಅಲ್ಲೇ ಇದ್ದಿರಬೇಕು. ದಿನಾ ಬೆಳಿಗ್ಗೆ ಹಲ್ಲುಜ್ಜಿಸುತ್ತಿದ್ದವನು ನಾನೇ. ಮುಂದಿನ ನಾಲ್ಕು ಹಲ್ಲು ಹೊಳೆದರೆ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಆಗ ಅವಳಿಗೆ ನಾಲ್ಕು ವರ್ಷ ಎರಡು ತಿಂಗಳು.

ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಮೂರು ವರ್ಷ ದಾಟುವವರೆಗೂ ರಾತ್ರಿ ಮಲಗುವಾಗ ಬಾಟಲಿಯಲ್ಲಿ ಹಾಲು, ಅದಕ್ಕೊಂದು ಚಮಚ ಸಕ್ಕರೆ. ನಿದ್ದೆಯಲ್ಲಿ ಬಾಯಿಯ ಜೊಲ್ಲು ಕಡಿಮೆಯಾಗುತ್ತದೆ, ಹಲ್ಲಿಗಂಟಿದ ಸಿಹಿಯನ್ನು ತೊಳೆಯಲು ಏನೂ ಇರುವುದಿಲ್ಲ, ಬ್ಯಾಕ್ಟೀರಿಯಾಗಳು ಅದನ್ನೇ ತಿಂದು ಆಮ್ಲ ಮಾಡುತ್ತವೆ, ಹಾಲುಹಲ್ಲಿನ ತೆಳು ಎನಾಮೆಲ್ ಕರಗುತ್ತದೆ. ಇದನ್ನೆಲ್ಲ ಓದಿ ತಿಳಿದದ್ದು ಆಮೇಲೆ. ಸಕ್ಕರೆ ಹಾಕಿದ್ದು ಮಾತ್ರ ಮೊದಲು.

ನಾವಿರುವುದು ಶಿಡ್ಲಘಟ್ಟದಲ್ಲಿ. ನಮ್ಮಪ್ಪ ನಲವತ್ತು ವರ್ಷ ರೇಷ್ಮೆ ಸಾಕಿದವರು. ಅವರು ಹಲ್ಲು ನೋಡಿ, ‘ಹುಳ ಬಿದ್ದಿದೆ’ ಎಂದರು. ಹುಳದಿಂದಲೇ ಅನ್ನ ತಿನ್ನುವ ಊರಿನಲ್ಲಿ ಆ ಮಾತು ಕೇಳಿ ನನಗೆ ಆ ಹೊತ್ತಿನಲ್ಲೂ ನಗು ಬಂತು. ‘ಹುಳುಕು ಹಲ್ಲು’ ಎಂಬ ನಮ್ಮ ಮಾತಿನಲ್ಲೇ ಆ ಹುಳ ಕೂತಿದೆ. ಅಪ್ಪನ ಕಾಲದಲ್ಲಿ ನೆಲಗುಳ್ಳದ ಬೀಜ ಸುಟ್ಟು, ಆ ಹೊಗೆಯನ್ನು ಬಾಯಿಗೆ ಹಿಡಿಸಿ ಹುಳ ಉದುರಿಸುವವರು ಬೀದಿಗೆ ಬರುತ್ತಿದ್ದರಂತೆ. ಉದುರಿದ ಹುಳವನ್ನು ತಟ್ಟೆಯಲ್ಲಿ ತೋರಿಸುತ್ತಲೂ ಇದ್ದರಂತೆ! ಹಲ್ಲಿನ ಹುಳದ ನಂಬಿಕೆ ನಮ್ಮದು ಮಾತ್ರವಲ್ಲ, ಹಳೆಯ ಬ್ಯಾಬಿಲೋನಿನಲ್ಲೂ ಇತ್ತು. ಫ್ರಾನ್ಸಿನ ಪಿಯರ್ ಫೋಶಾರ್ 1728ರಲ್ಲಿ ಹಲ್ಲಿನ ವೈದ್ಯದ ಬಗ್ಗೆ ದೊಡ್ಡ ಪುಸ್ತಕ ಬರೆದಾಗಲೂ ಈ ಹುಳದ ಮಾತಿಗೆ ಉತ್ತರ ಕೊಡಬೇಕಾಗಿ ಬಂದಿತ್ತು.

ಅಪ್ಪನದು ರೋಗದ ಕಾರಣದ ಬಗೆಗಿನ ಮಾತು. ಅದು ತಪ್ಪಿದ್ದರೂ ಅಷ್ಟು ತೊಂದರೆಯಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಚಿಂತಾಮಣಿಯಿಂದ ಫೋನಿನಲ್ಲಿ ನಮ್ಮ ಅತ್ತೆ ಹೇಳಿದ್ದು. ಅವರ ಮನೆಮಾತು ತೆಲುಗು. ‘ಊಡಿಪೋಯೇ ಪನ್ನೇ ಕದಾ’ ಎಂದರು. ಬಿದ್ದುಹೋಗೋ ಹಲ್ಲೇ ತಾನೇ! ‘ಅದಕ್ಕೆ ಯಾಕೆ ಮಗೂನ ಆಸ್ಪತ್ರೆಗೆ ಎಳೀತೀರ? ಲವಂಗದ ಎಣ್ಣೆ ಹಚ್ಚಿ.’ ಐದು ಮಕ್ಕಳನ್ನು ಸಾಕಿದವರ ಮಾತು. ನಿಜ ಹೇಳಬೇಕೆಂದರೆ ಕೇಳಿ ಸಮಾಧಾನವಾಯಿತು. ಎರಡು ವಾರ ಲವಂಗದ ಎಣ್ಣೆಯಲ್ಲೇ ಕಳೆದೆವು. ಮಗಳು ಬಲಗಡೆಯಿಂದ ಮಾತ್ರ ಅಗಿಯುವುದನ್ನು ಕಲಿತಳು. ಮುದ್ದೆ ನುಂಗುವ ಊರು ನಮ್ಮದು, ಅಗಿಯದೆಯೂ ದಿನ ಕಳೆಯಬಹುದು.

ಆ ಹಲ್ಲು ಯಾವಾಗ ಬೀಳುತ್ತದೆ ಎಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಹಾಲುಹಲ್ಲು ಎಂದರೆ ಆರೇಳು ವರ್ಷಕ್ಕೆ ಬೀಳುವುದು, ಇನ್ನು ಎರಡು ವರ್ಷ ತಳ್ಳಿದರಾಯಿತು ಎಂಬುದು ನಮ್ಮ ಲೆಕ್ಕ. ಹಾಗೆ ಬೀಳುವುದು ಮುಂದಿನ ಹಲ್ಲುಗಳು. ಒಟ್ಟು 20 ಹಾಲುಹಲ್ಲುಗಳಲ್ಲಿ ಹಿಂದಿನ 8 ದವಡೆ ಹಲ್ಲುಗಳು ಬೀಳುವುದು ಹತ್ತರಿಂದ ಹನ್ನೆರಡು ವರ್ಷದ ಆಸುಪಾಸಿಗೆ. ಎಂದರೆ ನಾವು ‘ಬಿದ್ದುಹೋಗೋದು’ ಎಂದು ಕೈಬಿಟ್ಟ ಹಲ್ಲು ಇನ್ನೂ ಆರು ವರ್ಷ ಅವಳ ಬಾಯಲ್ಲಿ ಇರಬೇಕಿತ್ತು. ಅವಳು ಅದುವರೆಗೆ ಬದುಕಿದ್ದೇ ನಾಲ್ಕು ವರ್ಷ. ಒಂದು ಇಡೀ ಜೀವಮಾನಕ್ಕಿಂತ ಉದ್ದದ ಕಾಲವನ್ನು ನಾವು ‘ಸ್ವಲ್ಪ ದಿನ’ ಎಂದು ಕರೆಯುತ್ತಿದ್ದೆವು.

ನಾನು ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ನಾಳೆ ಸಿಗುವ ನೂರು ರೂಪಾಯಿಗಿಂತ ಇವತ್ತು ಕೈಯಲ್ಲಿರುವ ನೂರು ರೂಪಾಯಿಗೆ ಬೆಲೆ ಹೆಚ್ಚು ಎಂಬುದು ನಮ್ಮ ಶಾಸ್ತ್ರದ ಬಾಲಪಾಠ. ಮಕ್ಕಳ ವಿಷಯಕ್ಕೆ ಬಂದರೆ ದೊಡ್ಡವರ ಲೆಕ್ಕ ತಿರುಗಾಮುರುಗಾ. ಮಗುವಿನ ನಾಳೆಗೆ ಪೂರಾ ಬೆಲೆ, ಅದರ ಇವತ್ತಿಗೆ ಚಿಲ್ಲರೆ ಕಾಸು. ಬಸ್ಸಿನಲ್ಲಿ ಕೂತು ಇದನ್ನು ಯೋಚಿಸಿದ ದಿನವೇ ದಂತವೈದ್ಯರ ಹತ್ತಿರ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ. ಆಮೇಲೆ ಮಾಡಿದ ತಪ್ಪು ಮೊದಲಿನದಕ್ಕಿಂತ ದೊಡ್ಡದು.

ಕ್ಲಿನಿಕ್ಕಿಗೆ ಹೊರಟಾಗ ಮಗಳು ಕೇಳಿದಳು, ‘ಅಪ್ಪ, ಚುಚ್ತಾರಾ?’

‘ಇಲ್ಲ ಪುಟ್ಟಿ. ಬರೀ ನೋಡ್ತಾರೆ.’

ಚುಚ್ಚುತ್ತಾರೆ ಎಂದು ನನಗೆ ಗೊತ್ತಿತ್ತು. ಹಿಂದಿನ ದಿನ ಫೋನಿನಲ್ಲೇ ಹೇಳಿದ್ದರು. ಒಳಗೆ ಹೋದ ಮೇಲೆ ಒಬ್ಬರು ತಲೆ ಹಿಡಿದುಕೊಂಡರು, ಒಬ್ಬರು ಕಾಲು. ಕೈ ಹಿಡಿದುಕೊಳ್ಳಲು ನನಗೆ ಹೇಳಿದರು. ಹಿಡಿದುಕೊಂಡೆ. ಬಾಯಿ ಮುಚ್ಚದಂತೆ ಹಲ್ಲುಗಳ ನಡುವೆ ರಬ್ಬರಿನ ತುಂಡು ಇಟ್ಟರು. ಅವಳು ಮೊದಲು ವೈದ್ಯರನ್ನು ನೋಡಿ ಕಿರುಚಿದಳು, ಆಮೇಲೆ ನನ್ನನ್ನು ನೋಡಿ. ಕೊನೆಗೆ ಕಿರುಚುವುದನ್ನು ಬಿಟ್ಟು ನನ್ನನ್ನು ಸುಮ್ಮನೆ ನೋಡತೊಡಗಿದಳು. ನನಗೆ ಕಿರುಚಾಟವೇ ವಾಸಿಯಿತ್ತು ಎನಿಸಿತು. ಅಲ್ಲಿದ್ದವರು ಯಾರೂ ಕೆಟ್ಟವರಲ್ಲ. ಹೊರಗೆ ಹತ್ತು ಜನ ಕಾಯುತ್ತಿದ್ದರು, ಕೆಲಸ ಮುಗಿಯಬೇಕಿತ್ತು. ಬರುವಾಗ ನರ್ಸ್ ಅವಳಿಗೊಂದು ಬಲೂನ್ ಕೊಟ್ಟು ನನಗೆ ಹೇಳಿದರು, ‘ಚಿಕ್ಕ ಮಕ್ಕಳು ಸರ್, ಇದೆಲ್ಲ ನೆನಪಿರಲ್ಲ.’

ಅಂದು ತುಂಬಿಸಿದ ಸಿಮೆಂಟ್ ಒಂಬತ್ತನೇ ದಿನ ಬಿದ್ದುಹೋಯಿತು. ಆ ಅಲುಗಾಟದಲ್ಲಿ ಸರಿಯಾಗಿ ಕೂತಿರಲಿಲ್ಲವೇನೋ. ಅದಕ್ಕೆ ನನಗೆ ಬೇಸರವಿಲ್ಲ. ಆದರೆ ಅವತ್ತಿನಿಂದ ಮಗಳು ನನ್ನ ಮುಂದೆ ಬಾಯಿ ತೆರೆಯುವುದನ್ನೇ ಬಿಟ್ಟಳು. ಬ್ರಷ್ ತಂದರೆ ತುಟಿ ಒಳಗೆಳೆದುಕೊಂಡು ಮಂಚದ ಕೆಳಗೆ ಸೇರುತ್ತಿದ್ದಳು. ‘ಬರೀ’ ಎಂಬ ಮಾತು ನಮ್ಮ ಮನೆಯಲ್ಲಿ ಕೆಲಸಕ್ಕೆ ಬಾರದ ಹಾಗಾಯಿತು. ಒಂದು ಸಂಜೆ, ‘ಅಂಗಡಿಗೆ ಹೋಗಿ ಬರ್ತೀನಿ, ಬರೀ ಐದು ನಿಮಿಷ’ ಎಂದೆ. ಅವಳು ಬಾಗಿಲಿಗೆ ಅಡ್ಡ ನಿಂತು ಅಳಲು ಶುರುಮಾಡಿದಳು. ಹಲ್ಲಿಗೂ ಅಂಗಡಿಗೂ ಸಂಬಂಧವೇನು ಎಂದು ನನ್ನ ಹೆಂಡತಿ ಕೇಳಿದಳು. ನಾನು ಹೇಳಲಿಲ್ಲ.

‘ಬಿದ್ದುಹೋಗುತ್ತೆ’, ‘ನೆನಪಿರಲ್ಲ’. ಮಕ್ಕಳ ನೋವಿನ ಮುಂದೆ ನಾವು ಆಡುವ ಮಾತುಗಳು ಇವೆರಡೇ. ನಾಳೆ ಇಲ್ಲವಾಗುವುದಕ್ಕೆ ಇವತ್ತೂ ಲೆಕ್ಕವಿಲ್ಲ ಎಂಬುದೇ ಎರಡರ ಒಳಗಿನ ಅರ್ಥ. ಇದು ಮನೆಯ ಅಜ್ಜಿಯರ ಮಾತು ಮಾತ್ರವಾಗಿದ್ದರೆ ಬಿಡಬಹುದಿತ್ತು. 1980ರ ದಶಕದವರೆಗೂ ದೊಡ್ಡ ದೊಡ್ಡ ದೇಶಗಳ ಆಸ್ಪತ್ರೆಗಳಲ್ಲೇ ಆಗತಾನೆ ಹುಟ್ಟಿದ ಕೂಸುಗಳಿಗೆ ಅರಿವಳಿಕೆಯನ್ನು ಸರಿಯಾಗಿ ಕೊಡದೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದದ್ದುಂಟು. ಕೂಸಿನ ನರಗಳು ಇನ್ನೂ ಬಲಿತಿಲ್ಲ, ನೋವು ಗೊತ್ತಾಗುವುದಿಲ್ಲ, ಗೊತ್ತಾದರೂ ನೆನಪಿರುವುದಿಲ್ಲ ಎಂದು ಆಗ ನಂಬಿದ್ದರು. ಅರಿವಳಿಕೆಯ ಅಪಾಯದ ಭಯವೂ ಇತ್ತೆನ್ನಿ. ನೋವಿನ ಔಷಧಿ ಸರಿಯಾಗಿ ಸಿಗದ ಕೂಸುಗಳ ರಕ್ತದಲ್ಲಿ ಒತ್ತಡದ ಹಾರ್ಮೋನುಗಳು ಹೇಗೆ ಏರುತ್ತವೆ, ಆಪರೇಷನ್ ಆದಮೇಲೆ ಆ ಕೂಸುಗಳು ಹೇಗೆ ಹೆಚ್ಚು ಬಳಲುತ್ತವೆ ಎಂದು ಅಳೆದು ತೋರಿಸಿದವರಲ್ಲಿ ಮುಖ್ಯರು ಭಾರತ ಮೂಲದ ವೈದ್ಯ ಕನ್ವಲ್ಜೀತ್ ಆನಂದ್. 1987ರಲ್ಲಿ ಅವರ ಬರಹಗಳು ಪ್ರಕಟವಾದ ಮೇಲೆ ಪದ್ಧತಿ ಬದಲಾಗುತ್ತ ಹೋಯಿತು. ಅಳುತ್ತಿರುವ ಕೂಸಿಗೆ ನೋವಾಗುತ್ತಿದೆ ಎಂದು ಒಪ್ಪಲು ರಕ್ತಪರೀಕ್ಷೆ ಬೇಕಾಯಿತು.

ನೆನಪಿರದಿದ್ದರೆ ಏನೂ ಉಳಿಯುವುದಿಲ್ಲ ಎಂಬುದೂ ಸುಳ್ಳೇ. ಅದಕ್ಕೆ ಸಾಕ್ಷಿ ನನ್ನ ಬಾಯಲ್ಲೇ ಇದೆ. ನನ್ನ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆಗಳಿವೆ. ಗೌರಿಬಿದನೂರು, ಬಾಗೇಪಲ್ಲಿ, ಚಿಂತಾಮಣಿ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪೆನ್ನಾರ್, ಪಾಲಾರ್, ಅರ್ಕಾವತಿಗಳು ನಂದಿಬೆಟ್ಟದ ಸೀಮೆಯಲ್ಲೇ ಹುಟ್ಟುತ್ತವೆ, ಆದರೆ ನಾವು ಕುಡಿದು ಬೆಳೆದದ್ದು ಬೋರ್‌ವೆಲ್ ನೀರು. ಕೊರೆದಷ್ಟೂ ಆಳಕ್ಕೆ ಹೋದ ಆ ನೀರಿನಲ್ಲಿ ಕಲ್ಲಿನಿಂದ ಕರಗಿ ಬಂದ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1 ಮಿಲಿಗ್ರಾಮಿನ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5 ಮಿಲಿಗ್ರಾಮಿನವರೆಗೆ ಎಂಬುದು ನಮ್ಮ ದೇಶದ ನಿಯಮ. ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿಗಳ ಕೊಳವೆಬಾವಿ ಇದನ್ನು ಮೀರಿದ್ದಕ್ಕೇ ಊರೂರಿಗೂ ಶುದ್ಧ ನೀರಿನ ಘಟಕ, ಐದು ರೂಪಾಯಿ ಕಾಯಿನ್ನು, ಇಪ್ಪತ್ತು ಲೀಟರಿನ ಕ್ಯಾನು ಬಂದದ್ದು. ಒಸಡಿನೊಳಗೆ ಕಾಯಂ ಹಲ್ಲಿನ ಎನಾಮೆಲ್ ಕಟ್ಟಿಕೊಳ್ಳುವ ಕಾಲದಲ್ಲಿ ಕುಡಿದ ನೀರು ಈ ಗೆರೆಗಳನ್ನು ಬರೆಯುತ್ತದೆ. ಮುಂದಿನ ಹಲ್ಲುಗಳಿಗೆ ಆ ಕಾಲ ಮೊದಲ ಮೂರು ನಾಲ್ಕು ವರ್ಷ. ಹಾಲುಹಲ್ಲಿನಲ್ಲಿ ನಗುತ್ತ ಓಡಾಡುತ್ತಿದ್ದ ನನ್ನ ಒಸಡಿನ ಕೆಳಗೆ ಈ ಗೆರೆ ಆಗಲೇ ಬಿದ್ದಾಗಿತ್ತು. ಆ ವರ್ಷಗಳ ಒಂದು ದಿನವೂ ನನಗೆ ನೆನಪಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ವಾದಕ್ಕೆ ಅಕ್ಕ ಹಾಕಿದ ಪೆಟ್ಟನ್ನೂ ಹೇಳಬೇಕು. ಅವಳು ಗೌರಿಬಿದನೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಂಗನವಾಡಿ ಕಾರ್ಯಕರ್ತೆ. ಶಿವರಾತ್ರಿಗೆ ಬಂದಾಗ ನಾನು ಇದನ್ನೆಲ್ಲ ಉತ್ಸಾಹದಿಂದ ಹೇಳುತ್ತಿದ್ದೆ. ಪೂರ್ತಿ ಕೇಳಿಸಿಕೊಂಡು ಅವಳು ಅಂದಳು, ‘ನಮ್ಮಲ್ಲಿ ಬಾ, ಇಂಥ ಹಲ್ಲು ಎಷ್ಟಿವೆ ತೋರಿಸ್ತೀನಿ. ಒಂದು ಹಲ್ಲಿಗೆ ಅಂತ ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜ್ ಹಾಕಿ, ಯಾರೋ ಕರ್ಕೊಂಡು ಹೋಗ್ತಾರೆ? ಅವರಿಗೂ ಮಕ್ಕಳ ಮೇಲೆ ಪ್ರೀತಿ ಇದೆ ಕಣೋ. ಬಿದ್ದೋಗತ್ತೆ ಅಂದ್ಕೊಂಡ್ರೆ ರಾತ್ರಿ ನಿದ್ದೆ ಬರತ್ತೆ, ಅಷ್ಟೆ.’

ನಾನು ಸುಮ್ಮನಾದೆ. ಟೊಮೆಟೊ ಬಿಡಿಸುವ ಕೆಲಸಕ್ಕೆ ಬೆಳಗಿನ ಜಾವ ಟೆಂಪೋ ಹತ್ತುವ ತಾಯಿಗೆ ‘ಮಗುವಿನ ವರ್ತಮಾನಕ್ಕೆ ಬೆಲೆ ಕೊಡು’ ಎಂದು ಹೇಳಲು ನಾನು ಯಾರು? ಅತ್ತೆಯ ಮಾತನ್ನೂ ಆಮೇಲೆ ಬೇರೆ ರೀತಿ ಕೇಳಿಸಿಕೊಂಡೆ. ಐದು ಮಕ್ಕಳಿದ್ದ ಆ ಮನೆಗೆ ಹತ್ತಿರದಲ್ಲಿ ಹಲ್ಲಿನ ಡಾಕ್ಟರೇ ಇರಲಿಲ್ಲ. ಬೇರೆ ದಾರಿಯಿಲ್ಲದ ಕಡೆ ಹುಟ್ಟಿದ ಸಮಾಧಾನ ಅದು. ತಪ್ಪು ನನ್ನದು. ದಾರಿಯೂ, ರಜೆಯೂ, ಸಂಬಳವೂ ಇರುವವನು ಅವರ ಸಮಾಧಾನವನ್ನು ಎರವಲು ತಂದು ಎರಡು ವಾರ ಬಳಸಿಕೊಂಡೆ.

ಮಾರ್ಚಿಯಲ್ಲಿ ಬೆಂಗಳೂರಿನ ಒಂದು ದಂತ ಕಾಲೇಜಿನ ಮಕ್ಕಳ ವಿಭಾಗಕ್ಕೆ ಹೋದೆವು. ಅಲ್ಲಿನ ವೈದ್ಯೆ, ಮೂವತ್ತು ದಾಟಿರದ ಹುಡುಗಿ, ಮೊದಲು ನನಗೆ ಪಾಠ ಮಾಡಿದರು. ಹಾಲುಹಲ್ಲು ಅಗಿಯಲು ಮಾತ್ರವಲ್ಲ, ಕೆಳಗಿನಿಂದ ಬರುವ ಕಾಯಂ ಹಲ್ಲಿಗೆ ಜಾಗ ಹಿಡಿದುಕೊಂಡಿರಲೂ ಬೇಕು. ಅದು ಬೇಗ ಹೋದರೆ ಪಕ್ಕದ ಹಲ್ಲುಗಳು ಆ ಜಾಗಕ್ಕೆ ವಾಲುತ್ತವೆ. ಹುಳುಕು ಒಳಗಿನ ನರಕ್ಕೆ ಇಳಿದು ಕೀವಾದರೆ ಕೆಳಗೆ ಬೆಳೆಯುತ್ತಿರುವ ಮೊಳಕೆಗೂ ಪೆಟ್ಟು. ಮನೆಗೆ ಬಂದು ಹೇಳಿದಾಗ ಅಪ್ಪನಿಗೆ ಇದು ತಕ್ಷಣ ಹಿಡಿಸಿತು. ‘ಚಾಕಿ ಇದ್ದಂಗೆ’ ಎಂದರು. ಮೊಟ್ಟೆಯೊಡೆದು ಬಂದ ಹುಳವನ್ನು ಎರಡನೇ ಜ್ವರದವರೆಗೆ ಸಾಕುವುದು ಚಾಕಿ. ಎಳೆಯ ಸೊಪ್ಪನ್ನೇ ಆರಿಸಿ, ಸಣ್ಣಗೆ ಹೆಚ್ಚಿ, ಸೆಖೆ, ತೇವ ನೋಡಿಕೊಂಡು ಹಾಕಬೇಕು. ಅಲ್ಲಿ ಕೆಟ್ಟರೆ ಗೂಡಿನಲ್ಲಿ ಗೊತ್ತಾಗುತ್ತದೆ.

ಹೋಲಿಕೆ ಚೆನ್ನಾಗಿದೆ. ಆದರೆ ನನಗೆ ಅದರಲ್ಲೇ ತೊಡಕು ಕಂಡಿತು. ಚಾಕಿ ಹುಳಕ್ಕೆ ಅಷ್ಟು ಆರೈಕೆ ಮಾಡುವುದು ಗೂಡಿಗಾಗಿ, ಗೂಡು ನೂಲಿಗಾಗಿ. ಇಪ್ಪತ್ತೈದು ದಿನ ಮಗುವಿನಂತೆ ನೋಡಿಕೊಂಡ ಹುಳವನ್ನು ನಾವು ಕೊನೆಗೆ ಬಿಸಿನೀರಿಗೆ ಹಾಕುತ್ತೇವೆ. ನಾಳೆಗಾಗಿ ಮಾತ್ರ ನೋಡಿಕೊಳ್ಳುವುದು ಎಂದರೆ ಅದೇ. ಕಾಯಂ ಹಲ್ಲು ಚೆನ್ನಾಗಿ ಬರಲಿ ಎಂಬ ಒಂದೇ ಕಾರಣಕ್ಕೆ ಹಾಲುಹಲ್ಲನ್ನು ಉಳಿಸುವುದಾದರೆ ‘ಬಿದ್ದುಹೋಗುತ್ತೆ’ ಎಂಬ ಹಳೇ ಲೆಕ್ಕದೊಳಗೇ ನಾನು ಇನ್ನೂ ಇದ್ದೇನೆ. ಕೆಳಗೆ ಯಾವ ಹಲ್ಲೂ ಇಲ್ಲದಿದ್ದರೆ? ಇವತ್ತು ರಾತ್ರಿ ಅವಳು ಎಡಗಡೆಯಿಂದ ಚಪಾತಿ ಅಗಿಯಲಾರಳು ಎಂಬುದೊಂದೇ ಕಾರಣವಾಗಿದ್ದರೆ? ಅದು ಸಾಲದೇ?

ಸಾಕು ಎಂದು ಹೇಳಿದವರಲ್ಲಿ ವಾರ್ಸಾದ ಮಕ್ಕಳ ವೈದ್ಯ ಯಾನುಷ್ ಕೋರ್ಚಾಕ್ ಒಬ್ಬರು. ಮಗು ಮುಂದೆ ಮನುಷ್ಯನಾಗುವ ಸಾಮಗ್ರಿಯಲ್ಲ, ಈಗಾಗಲೇ ಮನುಷ್ಯ. ಇವತ್ತಿನ ದಿನದ ಮೇಲೆ ಅದಕ್ಕೆ ಹಕ್ಕಿದೆ ಎಂಬುದು ಅವರ ವಾದ. ಅವರು ಅನಾಥಾಲಯ ನಡೆಸುತ್ತಿದ್ದರು. 1942ರ ಆಗಸ್ಟಿನಲ್ಲಿ ನಾಜಿಗಳು ಆ ಮಕ್ಕಳನ್ನು ಟ್ರೆಬ್ಲಿಂಕಾಕ್ಕೆ ಸಾಗಿಸಿದಾಗ ಅವರನ್ನು ಬಿಟ್ಟು ಉಳಿಯಲು ಒಪ್ಪದೆ ಜೊತೆಗೇ ಹೋಗಿ ಸತ್ತರು. ಆ ಮಕ್ಕಳಿಗೆ ನಾಳೆ ಇರಲಿಲ್ಲ. ಇದ್ದದ್ದು ಅವರು ಬದುಕಿದ್ದ ಆ ದಿನಗಳಷ್ಟೇ. ಒಂದು ಹಲ್ಲಿನ ಮಾತಿಗೆ ಇಷ್ಟು ದೊಡ್ಡ ಸಂಗತಿಯನ್ನು ತರುವುದು ಅತಿಯಾಯಿತೇನೋ. ಆದರೆ ನಾಳೆಯಿಲ್ಲದ ಮಕ್ಕಳ ಜೊತೆ ನಿಂತು ನೋಡಿದರೇ ಆ ವಾದದ ತೂಕ ಗೊತ್ತಾಗುವುದು.

ವೈದ್ಯೆ ಎರಡು ದಾರಿ ಹೇಳಿದರು. ನೋವು ಇನ್ನೂ ನರಕ್ಕೆ ಇಳಿದಿಲ್ಲ, ಹುಳುಕನ್ನು ಕೊರೆದು ತುಂಬಬಹುದು. ಇಲ್ಲವೇ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವ ಹಚ್ಚಬಹುದು. ಚುಚ್ಚುವುದಿಲ್ಲ, ಕೊರೆಯುವುದಿಲ್ಲ. ಬೆಳ್ಳಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಫ್ಲೋರೈಡ್ ಹಲ್ಲನ್ನು ಗಟ್ಟಿ ಮಾಡುತ್ತದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಒಂದೇ ತೊಂದರೆ, ಹುಳುಕಿರುವ ಜಾಗ ಕಪ್ಪಾಗುತ್ತದೆ. ಇದ್ದಿಲಿನಷ್ಟು ಕಪ್ಪು, ಮತ್ತೆ ಹೋಗುವುದಿಲ್ಲ. ನನ್ನ ಹಲ್ಲಿನ ಮೇಲೆ ಗೆರೆ ಎಳೆದ ಫ್ಲೋರೈಡೇ ಮಗಳ ಹಲ್ಲಿಗೆ ಔಷಧಿ!

ನನ್ನ ಹೆಂಡತಿ ಅಳುಕಿದಳು. ಹೆಣ್ಣುಮಗು, ಬಾಯಿ ತುಂಬಾ ನಗುತ್ತಾಳೆ, ನಕ್ಕಾಗ ಕಾಣುತ್ತದೆ. ಅತ್ತೆಗೆ ಫೋನ್ ಮಾಡಿದರೆ ಅವರೂ ಅದನ್ನೇ ಹೇಳಿದರು. ನನಗೆ ತಮಾಷೆಯೆನಿಸಿತು. ನೋವಿನ ಮಾತು ಬಂದಾಗ ಅದು ಬಿದ್ದುಹೋಗುವ ಹಲ್ಲು, ಅಂದದ ಮಾತು ಬಂದಾಗ ಕಾಯಂ ಹಲ್ಲು. ನೋವು ಅವಳದು, ಅಂದ ನೋಡುವವರದು. ಕಪ್ಪಾದರೆ ಆಗಲಿ ಎಂದೆ. ಸ್ವಲ್ಪ ಹೊತ್ತು ಯೋಚಿಸಿ ಹೆಂಡತಿಯೂ ಒಪ್ಪಿದಳು.

ಈ ಸಲ ಮಗಳಿಗೆ ಬಸ್ಸಿನಲ್ಲೇ ಇದ್ದದ್ದನ್ನು ಹೇಳಿದ್ದೆ. ‘ಡಾಕ್ಟರ್ ನೋಡ್ತಾರೆ. ಮುಟ್ತಾರೆ. ಏನಾದ್ರೂ ಹಚ್ಚಬಹುದು. ಹೋದ ಸಲ ನಾನು ಸುಳ್ಳು ಹೇಳಿದ್ದೆ.’ ಅವಳು ಕಿಟಕಿಯಾಚೆ ನೋಡುತ್ತಿದ್ದಳು, ಉತ್ತರ ಕೊಡಲಿಲ್ಲ. ಕಾಲೇಜಿನಲ್ಲಿ ಕುರ್ಚಿ ಹತ್ತಲಿಲ್ಲ. ನನ್ನ ತೊಡೆಯ ಮೇಲೆ ಕೂತಳು, ಬಾಯಿ ತೆರೆಯಲಿಲ್ಲ. ವೈದ್ಯೆ ದೂರದಿಂದಲೇ ಕನ್ನಡಿಯಲ್ಲಿ ಅಷ್ಟೋ ಇಷ್ಟೋ ನೋಡಿ, ‘ಇವತ್ತು ಬೇಡ, ಮುಂದಿನ ವಾರ ಬನ್ನಿ’ ಎಂದರು. ಒಂದು ರಜೆ, ಮೂವರ ಬಸ್ ಚಾರ್ಜ್, ಇಡೀ ದಿನ ಹೋಯಿತು. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ನಿಂತ ಬಸ್ಸಿನಲ್ಲಿ ನನಗೆ ಕೋಪ ಬಂತು. ನಾಲ್ಕು ವರ್ಷದ ಮಗುವಿನ ‘ಬೇಡ’ಕ್ಕೆ ಇಷ್ಟು ಬೆಲೆ ಕೊಡಬೇಕೇ? ಅಕ್ಕನ ಅಂಗನವಾಡಿಯ ತಾಯಂದಿರಿಗೆ ಇಂಥ ಎರಡನೇ ಸಲ ಎಂಬುದೇ ಇರುವುದಿಲ್ಲ.

ಈ ಪ್ರಶ್ನೆಗೆ ನನ್ನ ಹತ್ತಿರ ನೇರವಾದ ಉತ್ತರವಿಲ್ಲ. ಮುಖ ಊದಿ, ಕೀವಾಗಿ, ಜ್ವರ ಬಂದಿದ್ದರೆ ಅವಳ ಕೈ ಮತ್ತೆ ಹಿಡಿಯುತ್ತಿದ್ದೆ. ಯಾವ ತಂದೆಯಾದರೂ ಹಿಡಿಯುತ್ತಾನೆ, ಹಿಡಿಯಬೇಕು. ಆದರೆ ‘ಬರೀ ನೋಡ್ತಾರೆ’ ಎಂದು ಹೇಳುತ್ತಿರಲಿಲ್ಲ. ‘ಈಗ ನಿನ್ನ ಹಿಡ್ಕೋತೀನಿ, ನಿಂಗೆ ಇಷ್ಟ ಇಲ್ಲ ಅಂತ ಗೊತ್ತು’ ಎನ್ನುತ್ತಿದ್ದೆ. ಬಲವಂತ ಮಾಡುವುದು ಕೆಲವು ಸಲ ತಪ್ಪುವುದಿಲ್ಲ. ಬಲವಂತವೂ ಸುಳ್ಳೂ ಜೊತೆಗೂಡಿದಾಗ ಮಗುವಿಗೆ ನಿಲ್ಲಲು ನೆಲವೇ ಇರುವುದಿಲ್ಲ. ಮೊದಲ ಸಲ ನಾನು ಸುಳ್ಳು ಹೇಳಿದ್ದು ಅವಳ ಭಯ ಕಡಿಮೆಯಾಗಲಿ ಎಂದೋ, ದಾರಿಯಲ್ಲಿ ನನಗೆ ರಗಳೆ ಬೇಡ ಎಂದೋ? ಎರಡನೆಯದೇ ಹೆಚ್ಚು.

ಮುಂದಿನ ವಾರ ಹೋದಾಗ ವೈದ್ಯೆ ಒಪ್ಪಂದ ಮಾಡಿಕೊಂಡರು. ಕೈ ಎತ್ತಿದರೆ ನಿಲ್ಲಿಸುವುದು. ಮಗಳು ಕೇಳಿದಳು, ‘ನೋಯುತ್ತಾ?’ ವೈದ್ಯೆ ನನ್ನ ಕಡೆ ನೋಡಿದರು. ನಾನಂದೆ, ‘ನೋಯಲ್ಲ ಅಂತಾರೆ. ರುಚಿ ಕೆಟ್ಟದಾಗಿರುತ್ತೆ, ಕಬ್ಬಿಣ ನೆಕ್ಕಿದ ಹಾಗೆ. ನಾನು ಹಚ್ಚಿಸ್ಕೊಂಡಿಲ್ಲ, ನಂಗೆ ಸರಿಯಾಗಿ ಗೊತ್ತಿಲ್ಲ.’ ಅವಳು ಬಾಯಿ ತೆರೆದಳು. ಹತ್ತಿ ಇಡುವಾಗ ಕೈ ಎತ್ತಿದಳು, ನಿಲ್ಲಿಸಿದರು. ಮತ್ತೆ ಎತ್ತಿದಳು, ಮತ್ತೆ ನಿಲ್ಲಿಸಿದರು. ನಿಜವಾಗಿ ನಿಲ್ಲಿಸುತ್ತಾರೋ ಎಂದು ಪರೀಕ್ಷೆ ಮಾಡುತ್ತಿದ್ದಳು ಅಷ್ಟೆ. ಮೂರನೇ ಸಲ ಎತ್ತಲಿಲ್ಲ. ಹಚ್ಚಿದ್ದು ಒಂದು ನಿಮಿಷದ ಕೆಲಸ.

ಎರಡು ದಿನಕ್ಕೆ ಹಲ್ಲಿನ ಗುಳಿ ಕಪ್ಪಾಯಿತು. ಆರು ತಿಂಗಳಿಗೆ ಮತ್ತೆ ಹಚ್ಚಿಸಬೇಕು, ಮೇಲೆ ಸಿಮೆಂಟ್ ಮುಚ್ಚಿಸಬೇಕು, ಅದೆಲ್ಲ ಇನ್ನೂ ಇದೆ. ಯುಗಾದಿಗೆ ಚಿಂತಾಮಣಿಗೆ ಹೋದಾಗ ಅತ್ತೆ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, ‘ಅಯ್ಯೋ’ ಎಂದರು. ಮಗಳಿಗೆ ಅದು ಹೊಗಳಿಕೆಯಂತೆ ಕೇಳಿಸಿರಬೇಕು. ಬೀದಿಯ ಮಕ್ಕಳನ್ನೆಲ್ಲ ಕರೆದು ತೋರಿಸಿದಳು. ಹೋಳಿಗೆಯನ್ನು ಎಡಗಡೆಯಿಂದ ಅಗಿದಳು.

ಮೊನ್ನೆ ರಾತ್ರಿ ಮೊಬೈಲ್ ತಂದು ನನ್ನ ಎದೆಯ ಮೇಲೆ ಕೂತಳು. ‘ಅಪ್ಪ, ಬಾಯಿ ತೆಗಿ. ನೋಡ್ತೀನಿ, ಮುಟ್ತೀನಿ, ನೋವಾದ್ರೆ ಕೈ ಎತ್ತು.’ ತೆರೆದೆ. ಟಾರ್ಚ್ ಹಾಕಿ ಮುಂದಿನ ಹಲ್ಲುಗಳ ಮೇಲೆ ಬೆರಳಾಡಿಸಿದಳು. ‘ಇದೇನು ಗೆರೆ?’

‘ನೀರಿಂದ ಆಗಿದ್ದು. ಸಣ್ಣವನಿದ್ದಾಗ.’

‘ನೋಯ್ತಾ?’

‘ನೆನಪಿಲ್ಲ’ ಎಂದೆ. ಅವಳು ಟಾರ್ಚನ್ನು ಇನ್ನೂ ಹತ್ತಿರ ತಂದು, ಮತ್ತೊಮ್ಮೆ ನೋಡಿದಳು.